ನಮ್ಮ ಹಿತ್ತಲಿಗೆ ಮೆಣಸಿನಕಾಯಿ ಬಂದ ಹಾದಿ

ರೊಟ್ಟಿ, ಉಳ್ಳಾಗಡ್ಡಿ, ಒಂದಿಷ್ಟು ಖಾರ ಇದ್ದರೆ ಊಟಕ್ಕೆ ಮತ್ತೇನೂ ಬೇಡ ಅನ್ನುವ ಸೀಮೆ ನಮ್ಮದು. ಜಹೀರಾಬಾದ, ನಾರಾಯಣಖೇಡ, ತಾಂಡೂರು ಈ ಮೂರೂ ಕಡೆಯ ಕನ್ನಡದ ಮನೆಗಳಲ್ಲಿ ‘ಖಾರ’ ಅಂದರೆ ಮೆಣಸಿನಕಾಯಿ ಪುಡಿ ಅಂತಲೇ ಅರ್ಥ. ಮೆಣಸಿನಕಾಯಿ ಯಾವಾಗಿನಿಂದ ಇದೆ ಅಂತ ಹಿರಿಯರನ್ನು ಕೇಳಿದರೆ ‘ದೇವರು ಹುಟ್ಟಿಸಿದಾಗಿಂದ ಅದ’ ಅನ್ನುತ್ತಾರೆ. ನಾನು ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದಾಗ ಮಕ್ಕಳಿಗೆ ಒಂದು ಮಾತು ಹೇಳುತ್ತಿದ್ದೆ, ಅವರು ನಂಬುತ್ತಿರಲಿಲ್ಲ. ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಒಂದೇ ಒಂದು ಮೆಣಸಿನಕಾಯಿಯೂ ಇರಲಿಲ್ಲ. ಸಾವಿರಾರು ಜನ ಉಂಡೆದ್ದ ಆ ದಾಸೋಹದಲ್ಲಿ ಮೆಣಸಿನಕಾಯಿ ಇಲ್ಲ, ಶೇಂಗಾ ಇಲ್ಲ, ಆಲೂಗಡ್ಡೆ ಇಲ್ಲ, ಟಮಾಟೆ ಇಲ್ಲ. ‘ಹಂಗಾದ್ರ ಏನ್ ತಿಂತಿದ್ರು ಸರ್?’ ಅಂತ ಹುಡುಗರು ಕೇಳುತ್ತಿದ್ದರು. ಪ್ರಶ್ನೆ ಸರಿಯಾದದ್ದೇ.

ಕಲ್ಯಾಣ ನಮಗೇನೂ ದೂರದ ಊರಲ್ಲ. ಜಹೀರಾಬಾದಿನಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಹುಮನಾಬಾದ ದಾಟಿದರೆ ಬಸವಕಲ್ಯಾಣ. ಅಲ್ಲಿ ಕುಳಿತು ಆಳಿದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ಅರಮನೆಯ ಅಡುಗೆಯ ದೊಡ್ಡ ಭಾಗವೇ ಇದೆ. ಇಡ್ಲಿ, ದೋಸೆಯಂಥ ತಿಂಡಿಗಳ ಹಳೆಯ ರೂಪಗಳೂ ಅಲ್ಲಿ ಸಿಗುತ್ತವೆ. ಖಾರಕ್ಕೆ ಮಾತ್ರ ಕರಿಮೆಣಸು, ಶುಂಠಿ, ಇಂಗು. ಅದಕ್ಕೂ ನೂರು ವರ್ಷ ಮೊದಲು, 1025ರಲ್ಲಿ, ಇದೇ ಚಾಲುಕ್ಯರ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ ಕನ್ನಡದಲ್ಲೇ ‘ಲೋಕೋಪಕಾರ’ ಬರೆದ. ಹೆಸರೇ ಹೇಳುವಂತೆ ಅದು ಜನಕ್ಕೆ ಉಪಕಾರವಾಗಲಿ ಅಂತ ಬರೆದ ಪುಸ್ತಕ. ನೀರು ಹುಡುಕುವುದು, ಅಡುಗೆ ಮಾಡುವುದು, ಗಿಡ ಬೆಳೆಸುವುದು ಎಲ್ಲವೂ ಅದರಲ್ಲಿದೆ. ಅಲ್ಲಿಯೂ ಮೆಣಸಿನಕಾಯಿ ಇಲ್ಲ. 16ನೆಯ ಶತಮಾನದ ಆರಂಭಕ್ಕೆ ಸೇರಿದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿಯೂ ಇಲ್ಲ.

ಕರಿಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ಮರದ ನೆರಳು ಬೇಕು. ನಮ್ಮ ಜಂಬಿಟ್ಟಿಗೆ ಕೆಂಪು ಮಣ್ಣಿನಲ್ಲಿ, ತಾಂಡೂರಿನ ಹಾಸುಗಲ್ಲಿನ ಮೇಲಿನ ಕರಿ ಮಣ್ಣಿನಲ್ಲಿ ಅದು ಬದುಕುವುದಿಲ್ಲ. ಅಂದ ಮೇಲೆ ಆ ಕಾಲದಲ್ಲಿ ಖಾರ ಅಂದರೆ ಪೂರ್ತಿ ಕೊಂಡು ತರುವ ಸಾಮಾನು. ಎತ್ತಿನ ಮೇಲೆ ಹೇರಿಕೊಂಡು ಘಟ್ಟದಿಂದ ಬರಬೇಕು, ದುಡ್ಡಿದ್ದವನು ಕೊಳ್ಳಬೇಕು. ಬಡವರ ಮನೆಯ ಅಂಬಲಿಗೆ ಉಪ್ಪು ಸಿಕ್ಕರೆ ಅದೇ ದೊಡ್ಡದು. ಮೆಣಸಿನಕಾಯಿ ಬದಲಿಸಿದ್ದು ನಾಲಿಗೆಯ ರುಚಿಯೊಂದನ್ನೇ ಅಲ್ಲ. ಖಾರವನ್ನು ಅದು ಸಂತೆಯಿಂದ ಹಿತ್ತಲಿಗೆ ತಂದಿತು. ನಾನು ಈ ಬರಹಕ್ಕೆ ಕೈ ಹಾಕಿದ್ದೇ ಈ ಕಾರಣಕ್ಕೆ, ಯಾಕೆಂದರೆ ಆ ಪ್ರಯಾಣ ಈಗ ಹಿಂದಕ್ಕೆ ತಿರುಗಿದೆ.

ಅದರ ತವರು ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕ. ಅಲ್ಲಿನ ಜನ ಸಾವಿರಾರು ವರ್ಷ ಅದನ್ನು ಬೆಳೆದು ತಿಂದಿದ್ದರು. 1492ರಲ್ಲಿ ಕೊಲಂಬಸ್ ಹೊರಟದ್ದು ನಮ್ಮ ಕರಿಮೆಣಸನ್ನು ಹುಡುಕಿಕೊಂಡು. ಸಿಕ್ಕಿದ್ದು ಇನ್ನೊಂದು ದೇಶ, ಇನ್ನೊಂದು ಖಾರ. ಅದನ್ನೂ ಅವನು ಮೆಣಸು ಅಂತಲೇ ಕರೆದ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡರು. ಅವರ ಹಡಗುಗಳು ಬ್ರೆಜಿಲ್ ದಂಡೆಯನ್ನೂ ನಮ್ಮ ಪಶ್ಚಿಮ ಕರಾವಳಿಯನ್ನೂ ಒಂದೇ ದಾರಕ್ಕೆ ಪೋಣಿಸಿದವು. ಮೆಣಸಿನಕಾಯಿ ಆ ದಾರ ಹಿಡಿದು ಬಂದಿತು. ಒಂದು ತಮಾಷೆ ಕೇಳಿರಿ. 1542ರಲ್ಲಿ ಜರ್ಮನಿಯ ಲಿಯೊನ್‌ಹಾರ್ಟ್ ಫುಕ್ಸ್ ಎಂಬ ಪಂಡಿತ ಗಿಡಮೂಲಿಕೆಗಳ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಮೆಣಸಿನಕಾಯಿಯ ಚಿತ್ರ ಬರೆಸಿ ‘ಕಲ್ಲಿಕೋಟೆಯ ಮೆಣಸು’ ಅಂತ ಹೆಸರು ಕೊಟ್ಟ. ಬಂದು ಅರ್ಧ ಶತಮಾನ ಆಗುವುದರೊಳಗೆ ಪಾಶ್ಚಾತ್ಯ ಪಂಡಿತನೂ ಅದನ್ನು ನಮ್ಮದು ಅಂತ ತಿಳಿದಿದ್ದ. ನಮ್ಮ ಹಿರಿಯರು ಹಾಗೆ ಅಂದರೆ ತಪ್ಪೇನು!

ಗೋವೆಯಿಂದ ಬೀದರಿಗೆ ಹಾದಿ ಹೊಸದೇನೂ ಅಲ್ಲ. 1472ರಲ್ಲಿ ಬಹಮನಿ ವಜೀರ ಮಹಮೂದ್ ಗವಾನ್ ಗೋವೆಯನ್ನು ಗೆದ್ದದ್ದೇ ಆ ಬಂದರಿನ ವ್ಯಾಪಾರಕ್ಕಾಗಿ. ಅರಬಸ್ತಾನದ ಕುದುರೆಗಳು ಕರಾವಳಿಗೆ ಇಳಿದು ಘಟ್ಟ ಹತ್ತಿ ಬೀದರಿಗೆ ಬರುತ್ತಿದ್ದವು. ಅದೇ ಸುಮಾರಿಗೆ ಬೀದರಿನಲ್ಲಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಆಳಂದದ ಜಾತ್ರೆಯ ಕುದುರೆ ಸಂತೆಯನ್ನು ತನ್ನ ಬರಹದಲ್ಲಿ ನೆನೆದಿದ್ದಾನೆ. ಕುದುರೆ ಬಂದ ಹಾದಿಯಲ್ಲೇ ಮೆಣಸಿನ ಬೀಜವೂ ಬಂದಿರಬೇಕು ಅಂತ ನನ್ನ ಎಣಿಕೆ. ಕುದುರೆ ಬಂದರೆ ಡಂಗುರ, ಲೆಕ್ಕ, ಸುಂಕ. ಬೀಜ ಬಂದದ್ದು ಯಾರದೋ ಸೆರಗಿನ ಗಂಟಿನಲ್ಲಿ, ಯಾವುದೋ ಬಂಡಿಯವನ ಬುತ್ತಿಯಲ್ಲಿ. ದಿಲ್ಲಿಯ ಕಡೆಗೆ ಅದು ಇನ್ನೂ ತಡವಾಗಿ ಹೋಯಿತು. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲಿ ಮಸಾಲೆಗಳ ಬೆಲೆಪಟ್ಟಿಯೇ ಇದೆ, ಅದರಲ್ಲಿ ಮೆಣಸಿನಕಾಯಿ ಇಲ್ಲ.

ಬಂದ ಅತಿಥಿಗೆ ಹೆಸರು ಕೊಟ್ಟ ಬಗೆ ನೋಡ್ರಿ. ನಮ್ಮ ಗಡಿಯ ಸಂತೆಯಲ್ಲಿ ನಾಲ್ಕು ಭಾಷೆ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಕನ್ನಡದವರು ಮೆಣಸಿಗೆ ‘ಕಾಯಿ’ ಸೇರಿಸಿ ಮೆಣಸಿನಕಾಯಿ ಅಂದರು. ತೆಲುಗಿನವರು ಮಿರಿಯಾಲು ಅನ್ನುವ ಮಾತಿಗೆ ಒತ್ತಾಗಿ ಮಿರಪಕಾಯ ಅಂದರು. ಮರಾಠಿಯಲ್ಲಿ ಮಿರೆ ಇದ್ದದ್ದು ಮಿರಚಿ ಆಯಿತು. ದಖನಿ ಉರ್ದುವಿನವರು ಹಳೆಯದಕ್ಕೆ ಕಾಲಿ ಮಿರ್ಚ್ ಅಂತ ಬಣ್ಣ ಹಚ್ಚಿ, ಬರಿ ‘ಮಿರ್ಚಿ’ಯನ್ನು ಹೊಸದಕ್ಕೆ ಬಿಟ್ಟುಕೊಟ್ಟರು. ನಾಲ್ವರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಕೆಲಸ ಮಾಡಿದರು, ಹಳೆಯ ಮೆಣಸಿನ ಹೆಸರನ್ನೇ ಹೊಸದಕ್ಕೆ ಇಟ್ಟರು. ಆಮೇಲೆ ಹೊಸದೇ ಮನೆಯ ಯಜಮಾನ ಆಗಿ, ಹಳೆಯದು ‘ಕರಿ’, ‘ಕಾಳು’ ಅಂತ ಗುರುತು ಹೇಳಿಕೊಂಡು ಬಾಗಿಲಲ್ಲಿ ನಿಲ್ಲಬೇಕಾಯಿತು. ಸಣ್ಣದಾಗಿ ಮೇಲಕ್ಕೆ ಮುಖ ಮಾಡಿ ನಿಲ್ಲುವ ಕಾಯಿಗೆ ಲವಂಗಿ ಅಂದರು, ಅದೂ ಲವಂಗದ ಹೋಲಿಕೆಯಿಂದ. ಕೆಂಪು ಹಣ್ಣು ಕುಟ್ಟಿ ಮಾಡುವ ಚಟ್ನಿಗೆ ರಂಜಕ ಅನ್ನುತ್ತೇವಲ್ಲ, ಆ ಶಬ್ದಕ್ಕೆ ತೋಪಿನ ಕಿವಿಗೆ ತುಂಬುವ ಮದ್ದು ಅಂತಲೂ ಅರ್ಥ ಉಂಟು. ಬೀದರ ಕೋಟೆಯ ಬುರುಜಿನ ಮೇಲೆ ಆ ದೊಡ್ಡ ತೋಪುಗಳನ್ನು ನೋಡಿದವರಿಗೆ ಆ ಹೆಸರಿನ ಹಾಸ್ಯ ಗೊತ್ತಾಗುತ್ತದೆ.

ಇಷ್ಟು ಬೇಗ ಅದು ಹಬ್ಬಲು ಕಾರಣ ಬೀಜ. ಒಂದು ಹಣ್ಣು ಸೀಳಿದರೆ ಹತ್ತಾರು ಬೀಜ, ಒಂದು ಗ್ರಾಮಿಗೆ ಸುಮಾರು ನೂರೈವತ್ತು. ಒಂದು ಹಿಡಿ ಬೀಜ ಇದ್ದರೆ ಒಂದು ಊರಿಗೆ ಸಾಕು. ಬದನೆಕಾಯಿಯೂ ಮೆಣಸಿನಕಾಯಿಯೂ ಒಂದೇ ಕುಲದ ಗಿಡಗಳು. ಬದನೆಯ ಬೀಜ ತೆಗೆದು, ಮಡಿ ಮಾಡಿ, ಅಗಿ ಎಬ್ಬಿಸಿ, ಕಿತ್ತು ನೆಡುವುದು ನಮ್ಮ ಹೆಣ್ಣುಮಕ್ಕಳಿಗೆ ಮೊದಲೇ ಗೊತ್ತಿತ್ತು. ಬಂದ ಹೊಸಬನಿಗೆ ಹಳೆಯ ವಿದ್ಯೆಯೇ ಸಾಕಾಯಿತು. ನನಗೆ ಈ ಚರಿತ್ರೆಯಲ್ಲಿ ತುಂಬ ಹಿಡಿಸುವುದು ಇದೇ. ಹಡಗು ಪೋರ್ಚುಗೀಸರದು, ಹಾದಿ ಸುಲ್ತಾನರದು, ಆದರೆ ಅದನ್ನು ಉಳಿಸಿದ್ದು ಬದನೆಕಾಯಿ ಬಲ್ಲ ಹೆಂಗಸರು.

ಆ ವಿದ್ಯೆಯನ್ನು ನಮ್ಮವ್ವ ಮಾಡುತ್ತಿದ್ದ ಹಾಗೆ ಬರೆದಿಡುತ್ತೇನೆ, ಬೇಕಾದವರಿಗೆ ಉಪಯೋಗವಾದೀತು. ಮೊದಲು ಗಿಡವನ್ನು ನೋಡಬೇಕು, ಕಾಯಿಯನ್ನಲ್ಲ. ಎಲೆ ಮುದುರದ, ಗಟ್ಟಿಯಾಗಿ ನಿಂತ, ಒಂದೇ ತರಹದ ಕಾಯಿ ತುಂಬ ಬಿಟ್ಟ ಗಿಡಕ್ಕೆ ಅವ್ವ ಒಂದು ಕೆಂಪು ದಾರ ಕಟ್ಟಿಬಿಡುತ್ತಿದ್ದಳು. ಆ ದಾರ ಕಂಡರೆ ಮನೆಯವರು ಯಾರೂ ಅದರಿಂದ ಹಸಿಕಾಯಿ ಹರಿಯುವ ಹಾಗಿಲ್ಲ. ಮೊದಲ ಬಿಡಿಕೆಯದೂ ಬೇಡ, ಕೊನೆಯ ಸಣ್ಣ ಕಾಯಿಯೂ ಬೇಡ, ನಡುವಿನದು ಬೇಕು. ಗಿಡದ ಮೇಲೇ ಪೂರ್ತಿ ಕೆಂಪಾಗಿ ಸ್ವಲ್ಪ ಬಾಡಿದ ಮೇಲೆ ಹರಿದು, ನೆರಳಲ್ಲಿ ಒಣಗಿಸಿ, ತೊಟ್ಟು ಸಮೇತ ಸರ ಮಾಡಿ ಅಡುಗೆಮನೆಯ ಜಂತಿಗೆ ತೂಗುಹಾಕುವುದು. ಒಲೆಯ ಹೊಗೆ ತಾಗಿದರೆ ಹುಳ ಬರುವುದಿಲ್ಲ. ಕೆಲವರು ಬೀಜ ಬಿಡಿಸಿ ಬೂದಿಯಲ್ಲಿ ಹೊರಳಿಸಿ ಸೋರೆ ಬುರುಡೆಯಲ್ಲಿ ತುಂಬಿ ಬಾಯಿಗೆ ಸಗಣಿ ಮೆತ್ತುತ್ತಿದ್ದರು.

ರೋಹಿಣಿ ಮುಗಿದು ಮಿರಗ ಕೂಡುವ ಹೊತ್ತಿಗೆ ಮಡಿ. ಬಚ್ಚಲ ನೀರು ಹರಿಯುವ ಕಡೆ, ಆದರೆ ನೀರು ನಿಲ್ಲದ ಹಾಗೆ ಗೇಣುದ್ದ ಏರಿಸಿದ ಜಾಗ. ಹಳೆಯ ತಿಪ್ಪೆಗೊಬ್ಬರ, ಮೇಲೆ ತೆಳ್ಳಗೆ ಬೂದಿ. ಬೆರಳಿನಿಂದ ಗೆರೆ ಎಳೆದು ಬೀಜ ಬಿಟ್ಟು, ಬೀಜದ ದಪ್ಪದ ಎರಡರಷ್ಟೇ ಮಣ್ಣು ಮುಚ್ಚಿ, ಮೇಲೆ ಜೋಳದ ಸೊಪ್ಪೆ ಹರಡುವುದು. ಎಂಟು ಹತ್ತು ದಿನಕ್ಕೆ ಮೊಳಕೆ. ಮೊಳಕೆ ಕಂಡ ದಿನವೇ ಸೊಪ್ಪೆ ತೆಗೆಯಬೇಕು, ಇಲ್ಲದಿದ್ದರೆ ಅಗಿ ಎಳೆದುಕೊಂಡು ಬಡವಾಗುತ್ತದೆ. ನೀರು ಹೆಚ್ಚಾದರೆ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಡಿಯೆಲ್ಲ ಮಲಗಿಬಿಡುತ್ತದೆ. ಮೆಣಸಿನ ಅಗಿ ಬಾಯಾರಿ ಸಾಯುವುದಕ್ಕಿಂತ ಕುಡಿದು ಸಾಯುವುದೇ ಹೆಚ್ಚು. ನಲವತ್ತು ದಿನದ ಸುಮಾರಿಗೆ ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರ ಬಂದಾಗ, ಮೋಡ ಮುಚ್ಚಿದ ಸಂಜೆ ಕಿತ್ತು ನೆಡುವುದು. ಮಿಕ್ಕ ಅಗಿ ಓಣಿಗೆಲ್ಲ. ಅಗಿಗೆ ದುಡ್ಡು ತೆಗೆದುಕೊಳ್ಳುವುದು ನಮ್ಮ ಕಡೆ ನಾಚಿಕೆಯ ಮಾತಾಗಿತ್ತು.

ಶಾಲಾ ಮಾಸ್ತರರು ಎರಡು ಮಾತು ಮಕ್ಕಳಿಗೆ ತೋರಿಸಿಕೊಡಬಹುದು. ಮೆಣಸಿನಕಾಯಿಯ ಖಾರ ಹುಟ್ಟುವುದು ಬೀಜದಲ್ಲಿ ಅಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಬೀಜಕ್ಕೆ ತಗಲಿರುವುದು ಅದರ ಸವರಿಕೆ ಅಷ್ಟೇ. ಇನ್ನೊಂದು, ಆ ಖಾರ ನಮಗೂ ಇಲಿಗೂ ಹತ್ತುತ್ತದೆ, ಹಕ್ಕಿಗೆ ಹತ್ತುವುದಿಲ್ಲ. ಇಲಿ ಹಲ್ಲಿನಿಂದ ಬೀಜ ಅರೆದು ಹಾಕುತ್ತದೆ, ಹಕ್ಕಿ ಇಡೀ ನುಂಗಿ ಇನ್ನೊಂದು ಕಡೆ ಹಾಕಿ ಬರುತ್ತದೆ. ಬೇಲಿಯ ಬುಡದಲ್ಲಿ ಯಾರೂ ಬಿತ್ತದ ಮೆಣಸಿನ ಗಿಡ ಏಳುವುದು ಹೀಗೆ. ಗಿಣಿಗೆ ಮೆಣಸಿನಕಾಯಿ ಕೊಟ್ಟು ನಗುವ ನಮಗೆ ಈ ಗುಟ್ಟು ಮೊದಲೇ ಅರ್ಧ ಗೊತ್ತಿತ್ತು.

ಈ ಬೀಜಕ್ಕೆ ಒಂದು ದೊಡ್ಡ ದೌರ್ಬಲ್ಯ ಇದೆ. ಅದು ಕಲ್ಲಿನ ಶಾಸನದ ಹಾಗೆ ಕಾಯುವುದಿಲ್ಲ. ಮನೆಯ ಗಡಿಗೆಯಲ್ಲಿ ಇಟ್ಟ ಮೆಣಸಿನ ಬೀಜ ಎರಡು ಮೂರು ವರ್ಷಕ್ಕೆ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಬಿತ್ತದೆ ಬಿಟ್ಟ ಮೂರನೆಯ ವರ್ಷಕ್ಕೆ ಆ ಮನೆಯ ತಳಿ ಮುಗಿದ ಹಾಗೆ. 1600ರಿಂದ ಲೆಕ್ಕ ಹಿಡಿದರೂ ನಾಲ್ಕು ನೂರು ವರ್ಷ ಆಯಿತು. ಅಂದರೆ ನಮ್ಮ ಜವಾರಿ ಮೆಣಸಿನಕಾಯಿ ಇವತ್ತು ಇದೆ ಅಂದರೆ ನೂರಾರು ಬಾರಿ ಯಾವಳೋ ಒಬ್ಬಳು ದಾರ ಕಟ್ಟಿದ್ದಾಳೆ, ನೂರಾರು ಬಾರಿ ಮಡಿ ಮಾಡಿದ್ದಾಳೆ. ಬರಗಾಲದಲ್ಲೂ ಮಾಡಿದ್ದಾಳೆ. 1972ರ ಬರ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಬಾವಿ ಬತ್ತಿದಾಗ ಪಾತ್ರೆ ತೊಳೆದ ನೀರನ್ನು ಎರಡು ಗಿಡಕ್ಕೆ ಹಾಕಿ ಬೀಜ ಉಳಿಸಿದ್ದನ್ನು ಅವರು ಹೇಳುತ್ತಾರೆ.

ಈ ಬೀಜ ಗಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1956ರ ನವೆಂಬರ್ 1ರ ತನಕ ನಾರಾಯಣಖೇಡ, ಜಹೀರಾಬಾದ ಬೀದರ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಕೊಡಂಗಲ್ ಗುಲಬರ್ಗಾ ಜಿಲ್ಲೆಯವು. ಆ ದಿನ ಹೈದರಾಬಾದ ರಾಜ್ಯ ಒಡೆದು, ಈ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಜಹೀರಾಬಾದ ತಾಲ್ಲೂಕಿನ ನಿರ್ಣಾ ಸರ್ಕಲ್ ಮಾತ್ರ ಮೈಸೂರು ರಾಜ್ಯದಲ್ಲಿ ಉಳಿಯಿತು, ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಈ ಕಡೆ ಬಂದಿತು. 2014ರಲ್ಲಿ ತೆಲಂಗಾಣ, 2016ರಲ್ಲಿ ಸಂಗಾರೆಡ್ಡಿ, ವಿಕಾರಾಬಾದ ಜಿಲ್ಲೆಗಳು. ನನ್ನ ವಯಸ್ಸಿನವರ ಮನೆಯ ಕಾಗದಗಳಲ್ಲಿ ಊರು ಅದೇ, ಮೇಲಿನ ಹೆಸರು ಮಾತ್ರ ಬದಲಾಗುತ್ತ ಬಂದಿದೆ. ಬೀಗಸ್ತನ ಬದಲಾಗಲಿಲ್ಲ. ಚಿಂಚೋಳಿ ಸೇಡಮ್ಮಿನಿಂದ ತಾಂಡೂರಿಗೆ, ಔರಾದದಿಂದ ನಾರಾಯಣಖೇಡಕ್ಕೆ, ಹುಮನಾಬಾದದಿಂದ ಜಹೀರಾಬಾದಕ್ಕೆ ಸೊಸೆಯರು ಬರುತ್ತಲೇ ಇದ್ದರು. ಸೀರೆಯ ಗಂಟಿನಲ್ಲಿ ತವರಿನ ಮೆಣಸಿನ ಬೀಜ, ಅವರೆ ಬೀಜ, ಹೀರೆ ಬೀಜ. ‘ನಿಮ್ಮ ಕಾಯಿ ಸಪ್ಪಗ ಅದ’ ಅಂತ ಅತ್ತೆಗೆ ಹೇಳುವ ಧೈರ್ಯ ಸೊಸೆಗೆ ಬಂದದ್ದೇ ಆ ಗಂಟಿನಿಂದ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವಾಗ ಭಜ್ಜಿಯಲ್ಲಿ ಯಾರ ಹಿತ್ತಲಿನ ಹಸಿಮೆಣಸಿನಕಾಯಿ ಬಿದ್ದಿದೆ ಅಂತ ಬಾಯಿಗಿಟ್ಟ ಕೂಡಲೇ ಹೇಳುವ ಮುದುಕರಿದ್ದರು.

ಈಗ ಕಥೆ ಬೇರೆ. 1988ರ ಹೊಸ ಬೀಜ ನೀತಿ ಬಂದ ಮೇಲೆ ಖಾಸಗಿ ಕಂಪನಿಗಳ ಪ್ಯಾಕೆಟ್ಟುಗಳು ಹಳ್ಳಿಯ ಅಂಗಡಿಗೆ ಬಂದವು. ಹೈಬ್ರಿಡ್ ಬಗ್ಗೆ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ‘ಅದರ ಬೀಜ ಮೊಳೀದಿಲ್ಲ’ ಅಂತ. ಮೊಳೆಯುತ್ತದೆ. ಆದರೆ ಮಕ್ಕಳು ತಾಯಿಯ ಹಾಗೆ ಇರುವುದಿಲ್ಲ. ಒಂದು ಉದ್ದ, ಒಂದು ಗಿಡ್ಡ, ಒಂದು ಖಾರ, ಒಂದು ಸಪ್ಪೆ. ಹಾಗಾಗಿ ಪ್ರತಿ ವರ್ಷ ಅಂಗಡಿಗೆ ಹೋಗಲೇಬೇಕು. ಹೈಬ್ರಿಡ್ ಬೆಳೆದವರನ್ನು ನಾನು ದೂರುವುದಿಲ್ಲ. ಇಳುವರಿ ಹೆಚ್ಚು, ಸಂತೆಗೆ ಒಂದೇ ಅಳತೆಯ ಕಾಯಿ. ಸಾಲ ತೀರಬೇಕಾದವನಿಗೆ ಇತಿಹಾಸದ ಪಾಠ ಹೇಳಿದರೆ ಹೊಟ್ಟೆ ತುಂಬುವುದಿಲ್ಲ. ಆದರೆ ಎರಡು ಗಿಡದ ಹಿತ್ತಲಿಗೂ ಪ್ಯಾಕೆಟ್ಟು ಬಂದದ್ದು ಯಾಕೆ? ಹಿತ್ತಲೇ ಸಣ್ಣದಾಯಿತು, ಸಿಮೆಂಟು ಬಿತ್ತು, ಒಲೆಯ ಹೊಗೆ ಹೋಗಿ ಗ್ಯಾಸು ಬಂತು, ಹೊಲಕ್ಕೆ ಕಬ್ಬು, ಹತ್ತಿ, ಶುಂಠಿ ಬಂತು. ಖಾರದ ಪುಡಿ ಗುಂಟೂರಿನದೋ ಬ್ಯಾಡಗಿಯದೋ ಪಾಕೀಟಿನಲ್ಲಿ ಸಿಗುತ್ತದೆ. ಒಂಬೈನೂರು ವರ್ಷದ ಹಿಂದೆ ಖಾರ ಕೊಂಡು ತಿನ್ನುತ್ತಿದ್ದ ಸೀಮೆ ಮತ್ತೆ ಕೊಂಡು ತಿನ್ನುತ್ತಿದೆ.

ಬ್ಯಾಡಗಿಯ ಮಾತು ಬಂತಲ್ಲ. ಹಾವೇರಿ ಜಿಲ್ಲೆಯ ಆ ಊರಿನ ಕಡ್ಡಿ, ಡಬ್ಬಿ ಎಂಬ ಎರಡು ತಳಿಗಳು ಕಂಪನಿಯಲ್ಲಿ ಹುಟ್ಟಿದವಲ್ಲ. ರೈತರೇ ಕಾಯಿಯ ಆಕಾರ, ಬಣ್ಣ, ಸುಕ್ಕು ನೋಡಿ ವರ್ಷ ವರ್ಷ ಆರಿಸಿ ಆರಿಸಿ ನಿಲ್ಲಿಸಿದವು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಮ್ಮ ತಾಂಡೂರಿನ ತೊಗರಿಗೆ 2022ರಲ್ಲಿ ಸಿಕ್ಕಿತು. ನಮ್ಮ ಹಿತ್ತಲ ಲವಂಗಿಗೆ ಅಂಥದ್ದೇನೂ ಬೇಕಿಲ್ಲ, ಒಬ್ಬರು ಬಿತ್ತಿದರೆ ಸಾಕು.

ಬಿತ್ತಿ ಉಳಿಸುವ ದೊಡ್ಡ ಕೆಲಸ ನಮ್ಮ ಮಗ್ಗುಲಲ್ಲೇ ನಡೆದದ್ದನ್ನು ಹೇಳದಿದ್ದರೆ ಈ ಬರಹ ಅರ್ಧ. ಜಹೀರಾಬಾದಿಗೆ ಹತ್ತಿಕೊಂಡಿರುವ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಶುರುವಾಯಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದ ಕನ್ನಡದವರು, 2023ರಲ್ಲಿ ತೀರಿಕೊಂಡರು. ಕೆಲಸ ಮಾಡಿದವರು ಮಾತ್ರ ಸಂಘದ ಹೆಣ್ಣುಮಕ್ಕಳು, ಬಹುಪಾಲು ದಲಿತ ಮನೆಯವರು, ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತದವರು. ಜೋಳ, ನವಣೆ, ಸಾವೆ, ತೊಗರಿ, ಹುರುಳಿಯ ಹಳೆಯ ಬೀಜಗಳನ್ನು ಊರೂರಲ್ಲಿ ಮಣ್ಣಿನ ಗಡಿಗೆ, ಬುಟ್ಟಿಗಳಲ್ಲಿ ಬೂದಿ, ಬೇವಿನೆಲೆ ಹಾಕಿ ಕಾಪಾಡಿದರು. ಬೀಜ ಸಾಲ ಕೊಡುತ್ತಾರೆ, ಬೆಳೆ ಬಂದ ಮೇಲೆ ಎರಡರಷ್ಟು ಹಿಂದಕ್ಕೆ ಪಡೆಯುತ್ತಾರೆ. ವರ್ಷಕ್ಕೊಮ್ಮೆ ಎತ್ತಿನ ಬಂಡಿಗಳಲ್ಲಿ ಬೀಜ ಮೆರವಣಿಗೆ ಮಾಡಿ ಹಳೆಯ ಬೆಳೆಗಳ ಜಾತ್ರೆ ನಡೆಸುತ್ತಾರೆ. 2008ರಿಂದ ಮಾಚನೂರಿನಲ್ಲಿ ಅವರದೇ ಸಂಘಂ ರೇಡಿಯೋ. 2019ರಲ್ಲಿ ಸಂಯುಕ್ತ ರಾಷ್ಟ್ರಗಳ ಈಕ್ವೇಟರ್ ಪ್ರಶಸ್ತಿ ಬಂತು. ಅವರ ಲಕ್ಷ್ಯ ಮುಖ್ಯವಾಗಿ ಸಿರಿಧಾನ್ಯ, ಬೇಳೆಕಾಳುಗಳ ಮೇಲೆ. ಆದರೆ ಕಾಳು ಉಳಿದ ಬುಟ್ಟಿಯಲ್ಲಿ ಮೆಣಸಿನ ಬೀಜಕ್ಕೆ ಜಾಗ ಇಲ್ಲದೆ ಇರುತ್ತದೆಯೇ?

ಕಾಯಿಪಲ್ಯದ ಬೀಜಕ್ಕೆ ಮಾತ್ರ ಒಂದು ತೊಡಕು ಹೆಚ್ಚು. ಮೆಣಸಿನ ಹೂವು ಬಹಳ ಮಟ್ಟಿಗೆ ತನ್ನಲ್ಲೇ ಕಾಯಿ ಕಟ್ಟುತ್ತದಾದರೂ ಜೇನುಹುಳ ಬಂದರೆ ಪಕ್ಕದ ತಳಿಯ ಪರಾಗವೂ ಬರುತ್ತದೆ. ಪಕ್ಕದ ಮನೆಯಲ್ಲಿ ಹೈಬ್ರಿಡ್ ಇದ್ದರೆ ನಮ್ಮ ಲವಂಗಿ ನಾಲ್ಕು ವರ್ಷದಲ್ಲಿ ಲವಂಗಿಯಾಗಿ ಉಳಿಯುವುದಿಲ್ಲ. ಸರಕಾರದ ಪ್ರಮಾಣಿತ ಬೀಜೋತ್ಪಾದನೆಗೆ ಇನ್ನೂರು ಮೀಟರ್ ಅಂತರ ಬೇಕು ಅಂತ ನಿಯಮ. ಹಳ್ಳಿಯ ಓಣಿಯಲ್ಲಿ ಅದೆಲ್ಲಿ ಸಿಗಬೇಕು? ಮೊಗ್ಗು ಬಿರಿಯುವ ಮೊದಲು ಒಂದು ಟೊಂಗೆಗೆ ತೆಳ್ಳನೆಯ ಮಲ್ಲಿನ ಬಟ್ಟೆಯ ಚೀಲ ಕಟ್ಟಿ, ದಿನಕ್ಕೊಮ್ಮೆ ಟೊಂಗೆಯನ್ನು ಮೆಲ್ಲಗೆ ಅಲ್ಲಾಡಿಸಿ, ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ಗುರುತಿಗೆ ದಾರ ಕಟ್ಟಿದರೆ ಆಯಿತು. ಎರಡು ಹಣ್ಣು ಸಿಕ್ಕರೂ ಮುಂದಿನ ವರ್ಷದ ಹಿತ್ತಲಿಗೆ ಸಾಕು. 2021ರಲ್ಲಿ ತೆಲಂಗಾಣ, ಆಂಧ್ರದ ಮೆಣಸಿನ ಹೊಲಗಳನ್ನು ಕರಿ ಥ್ರಿಪ್ಸ್ ಎಂಬ ಹೊಸ ಹುಳ ತಿಂದು ಹಾಕಿತು, ಹೂವಿನಲ್ಲೇ ಕೂತು. ಅಂಥ ವರ್ಷದಲ್ಲಿ ಯಾರ ಗಿಡ ತಾಳಿಕೊಂಡಿತು ಅಂತ ನೋಡಿ ಅದರ ಬೀಜ ಹಿಡಿಯುವುದೂ ಇದೇ ವಿದ್ಯೆಯ ಭಾಗ.

ಕಾನೂನು ನಮ್ಮ ಕಡೆಗೇ ಇದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಂ ಪ್ರಕಾರ ರೈತನು ತಾನು ಬೆಳೆದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಕಂಪನಿಯ ಹೆಸರು, ಚೀಟಿ ಹಚ್ಚಿ ಮಾರುವ ಹಾಗಿಲ್ಲ, ಅಷ್ಟೇ.

ನಮ್ಮ ವಾಚನಾಲಯದ ಕಪಾಟಿನಲ್ಲಿ ಪತ್ರಿಕೆಗಳ ಕಟ್ಟಿನ ಕೆಳಗೆ ಹೋದ ವರ್ಷದಿಂದ ಒಂದು ತಗಡಿನ ಡಬ್ಬಿ ಇಟ್ಟಿದ್ದೇವೆ. ಮೂರು ಬಗೆಯ ಮೆಣಸಿನ ಬೀಜ ಅದರಲ್ಲಿದೆ. ಮೇಲ್ಮುಖದ ಲವಂಗಿ, ಗೇಣುದ್ದದ ತೆಳ್ಳನೆಯ ಕೆಂಪು, ಹೊಟ್ಟೆ ದಪ್ಪಗಿನ ಗಿಡ್ಡ ಕಾಯಿ. ಲವಂಗಿ ಒಂದೇ ಒಂದು ಮನೆಯಲ್ಲಿ ಸಿಕ್ಕಿತು. ಆ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಪ್ರತಿ ಪೊಟ್ಟಣದ ಮೇಲೆ ಹೆಸರು, ಬೀಜ ತೆಗೆದ ವರ್ಷ ಬರೆದಿದೆ. ಹಿತ್ತಲಿಲ್ಲದವರು ಒಡೆದ ಗಡಿಗೆಯಲ್ಲಿ, ಹಳೆಯ ಡಬ್ಬದಲ್ಲಿ ಹಾಕಬಹುದು, ಬಿಸಿಲು ಬಿದ್ದರೆ ಸಾಕು. ಮಿರಗ ಕೂಡುವ ಮೊದಲು ಬಂದು ಒಯ್ಯಿರಿ, ಕಾಯಿ ಹಣ್ಣಾದ ಮೇಲೆ ಎರಡರಷ್ಟು ತಂದು ಹಾಕಿರಿ. ಲವಂಗಿಯ ಪೊಟ್ಟಣದ ಮೇಲೆ ಬರೆದ ವರ್ಷ ನೋಡಿದರೆ ಅದನ್ನು ಈ ಮಳೆಗೆ ಬಿತ್ತಲೇಬೇಕು.